ಶಿಗ್ಲಿಯವರ ಗಾಡಿಯ ಮ್ಯಾಗ್ನೆಟೋ

ಲಕ್ಷ್ಮೇಶ್ವರ
11 ನವೆಂಬರ್ 2024

ನಜೀರಸಾಬನಿಗೆ,

ನಾನು ಲಕ್ಷ್ಮೇಶ್ವರದ ಶಿಗ್ಲಿ ಮನೆತನದ ಹಿರಿಯ ಸೊಸೆ ಬಸವಣ್ಣೆವ್ವ. ಹದಿನಾಲ್ಕು ಜನ ಉಣ್ಣುವ ಮನೆಯ ಕೀಲಿಕೈ ನಲವತ್ತು ವರ್ಷದಿಂದ ನನ್ನ ಸೊಂಟದಲ್ಲಿದೆ. ಕಾಳಿನ ಪೇಟೆಯಲ್ಲಿ ನಮ್ಮ ಅಡತಿ ಅಂಗಡಿಯ ಕಟ್ಟೆಯ ಮುಂದೆ ನಾನು ನಿಂತರೆ ಹಮಾಲರು ಹೊತ್ತ ಚೀಲದೊಂದಿಗೆ ಬದಿಗೆ ಸರಿಯುತ್ತಾರೆ. ಹೈಸ್ಕೂಲು ಮುಗಿಸಿದವಳು, ಈ ಪತ್ರವನ್ನು ಯಾರ ಕೈಯಿಂದಲೂ ಬರೆಸಿಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ. ಇದು ಬೇಡಿಕೊಳ್ಳುವ ಪತ್ರವಲ್ಲ ಎಂಬುದು ಮೊದಲೇ ತಿಳಿಯಲಿ ಎಂದು ಬರೆದೆ.

ಹನ್ನೊಂದು ವರ್ಷದ ಹಿಂದೆ ಅದೇ ಕಟ್ಟೆಯ ಮುಂದೆ, ನಮ್ಮ ಹಳೆಯ ಮೋಟಾರು ಕಾರಿನಲ್ಲಿ ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ಅಯಸ್ಕಾಂತಗಳನ್ನು ನೀನು ತೆಗೆದುಕೊಂಡು ಸತ್ತವನ್ನು ಹಾಕಿದ್ದೀ ಎಂದು ನಾನು ಹೇಳಿದೆ. ಇನ್ನು ಈ ಕೈ ನಮ್ಮ ಗಾಡಿ ಮುಟ್ಟಬಾರದು ಎಂದೂ ಹೇಳಿದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರೆಯುತ್ತಿಲ್ಲ. ಬೇರೆ ಕಾರಣವಿದೆ.

ನಮ್ಮ ಮನೆಯವರಿಗೆ ಎಂಬತ್ತಮೂರು. ಎರಡು ವರ್ಷದಿಂದ ನೆನಪು ಹೋಗುತ್ತ ಬಂದು, ಈಗ ಮಕ್ಕಳ ಗುರುತೂ ಇಲ್ಲ. ದಸರೆಯ ನಂತರ ಒಂದು ಹೊಸ ಹಟ ಹಿಡಿದಿದ್ದಾರೆ. ಬೆಳಗಾದರೆ ಗಾಡಿಯ ಕೋಣೆಗೆ ಹೋಗಿ ಹಿಂದಿನ ಸೀಟಿನಲ್ಲಿ ಕೂಡುತ್ತಾರೆ. ತಾಟು ಒಯ್ದರೆ, "ಮೊದಲ ಚಾಲೂ ಆಗಲಿ, ಆಮ್ಯಾಲೆ ಉಣ್ತೀನಿ" ಎನ್ನುತ್ತಾರೆ. ರಾತ್ರಿ ನಿದ್ದೆಗಣ್ಣಿನಲ್ಲಿ ಒಂದಿಷ್ಟು ಗಂಜಿ ಹೊಟ್ಟೆಗೆ ಹೋದರೆ ಅದೇ ಹೆಚ್ಚು. ಗದಗಿನ ಡಾಕ್ಟರರು ಎರಡು ಸಲ ಮೂಗಿನಲ್ಲಿ ನಳಿಕೆ ಹಾಕಿದರು. ಎರಡು ಸಲವೂ ಕಿತ್ತುಕೊಂಡರು. ಹುಬ್ಬಳ್ಳಿಯಿಂದ ಬಂದ ಮೆಕ್ಯಾನಿಕ್ ಮ್ಯಾಗ್ನೆಟೋ ತೆಗೆದು ಬ್ಯಾಟರಿ ಕೂಡಿಸುತ್ತೇನೆಂದ. ಅವನ ಪೆಟ್ಟಿಗೆ ಕಂಡದ್ದೇ ಇವರು ಕೋಲು ಎತ್ತಿದರು. ಮೊಮ್ಮಗಳು ನೇತ್ರಾ ಮೊಬೈಲಿನಲ್ಲಿ ಹಳೆಯ ಗಾಡಿಯ ಸದ್ದು ಕೇಳಿಸಿದಳು. ಮೊಬೈಲನ್ನೇ ಒಂದು ಗಳಿಗೆ ನೋಡಿ ಮುಖ ತಿರುಗಿಸಿದರು.

ಆ ಗಾಡಿ ಬಲ್ಲವನು ಈ ನಾಲ್ಕೂರಿನಲ್ಲಿ ನೀನೊಬ್ಬನೇ. ಫೋನಿನಲ್ಲಿ ನಿನಗೆ ಕಿವಿ ಕೇಳುವುದಿಲ್ಲವಂತೆ. ಬರುವುದು ಬೇಡ. ಏನು ಮಾಡಬೇಕೆಂದು ಬರೆದು ತಿಳಿಸು.

ಬಸವಣ್ಣೆವ್ವ ಅಂದಪ್ಪ ಶಿಗ್ಲಿ


ಬೆಟಗೇರಿ
18 ನವೆಂಬರ್ 2024

ಅವ್ವಾರಿಗೆ ನಜೀರಸಾಬನ ಸಲಾಂ.

ಕೈ ನಡುಗತಾವರಿ, ಅದಕ್ಕ ಮೊಮ್ಮಗಳು ಮಾಸುಮಬಿ ಬರೀತಾಳ. ನಾ ಹೇಳಿದ್ದ ಬರಿ, ಚಂದ ಮಾಡಾಕ ಹೋಗಬ್ಯಾಡ ಅಂತ ಹೇಳೀನಿ.

ಸಾವ್ಕಾರ್ರ ಸುದ್ದಿ ಓದಿಸಿಕೊಂಡು ಆ ದಿನ ನನಗೂ ರೊಟ್ಟಿ ಇಳೀಲಿಲ್ಲ. ಗಾಡಿ ಮುಟ್ಟಬ್ಯಾಡ ಅಂದೀರಿ, ಮುಟ್ಟೂದಿಲ್ಲ. ಹೇಳಾಕ ಅಡ್ಡಿ ಇಲ್ಲ. ನೀವ ಮುಟ್ಟಬೇಕು. ನಿಮ್ಮ ಟ್ರ್ಯಾಕ್ಟರ್ ಹೊಡಿಯೂ ನೀಲಪ್ಪನ ಕೈಲಿ ಎಂಜಿನ್ ತಿರುವೂ ಹ್ಯಾಂಡಲ್ ಅಷ್ಟ ಹೊಡಸ್ರಿ, ನೋಡೂದು ನೀವ ನೋಡ್ರಿ. ಅಂವಾ ನೀವು ಕಿಡಿ ಐತಿ ಅಂದ್ರ ಐತಿ ಅಂತಾನ, ಇಲ್ಲ ಅಂದ್ರ ಇಲ್ಲ ಅಂತಾನ.

ಪೆಟ್ರೋಲ್ ಹೊಸಾದು ಹಾಕಸ್ರಿ. ನಾಲ್ಕೂ ಪ್ಲಗ್ ಬಿಚ್ಚಿ, ವೈರ್ ಹಚ್ಚಿ, ಎಂಜಿನ್ ಮ್ಯಾಲೆ ಮಲಗಸ್ರಿ. ಬಾಗಲಾ ಮುಚ್ಚಿ ಕತ್ತಲಿ ಮಾಡ್ರಿ. ಹ್ಯಾಂಡಲ್ ತಿರುಗಿದಾಗ ಪ್ಲಗ್ಗಿನ ತುದಿಗೆ ಕಿಡಿ ಹಾರತೈತೇನು ನೋಡ್ರಿ. ಒಂದರಾಗ ಇಲ್ಲಂದ್ರ ಪ್ಲಗ್ಗಿನ ತಪ್ಪು. ನಾಲ್ಕರಾಗೂ ಇಲ್ಲಂದ್ರ ತಪ್ಪು ಮ್ಯಾಗ್ನೆಟೋದಾಗ ಐತಿ. ಆಮ್ಯಾಲೆ ಗಾಡಿ ಬಂದ್ ಮಾಡೂ ಸ್ವಿಚ್ಚಿನ ವೈರ್ ಬಿಚ್ಚಿ ಮತ್ತ ನೋಡ್ರಿ. ಆ ವೈರ್ ಎಲ್ಲೆರ ಗಾಡಿ ಮೈಗೆ ತಾಕಿದ್ರ ಕಿಡಿ ಎಲ್ಲಾ ಅದ ನುಂಗತೈತಿ. ಮ್ಯಾಗ್ನೆಟೋದಾಗ ಕೂಡಿ ಬಿಡೂ ಎರಡು ಪಾಯಿಂಟ್ ಒರಸಿ, ನಡುವ ಒಂದು ಪೋಸ್ಟ್ ಕಾರ್ಡ್ ಹೋಗುವಷ್ಟು ಸಂದು ಇಡ್ರಿ.

ಒಂದು ಮಾತು ಕೇಳತೀನಿ. ಅವತ್ತು ನಾ ಬಿಚ್ಚೂಕ್ಕಿಂತ ಮೊದಲ ಆ ಮ್ಯಾಗ್ನೆಟೋ ಯಾರರ ಬಿಚ್ಚಿದ್ರೇನು?

ನಜೀರಸಾಬ


ಲಕ್ಷ್ಮೇಶ್ವರ
25 ನವೆಂಬರ್ 2024

ನಜೀರಸಾಬನಿಗೆ,

ಹೇಳಿದ್ದೆಲ್ಲ ಮಾಡಿದೆ. ಕೋಣೆಯ ಬಾಗಿಲು ಮುಚ್ಚಿಸಿ, ಸಂದಿಗೆ ಗೋಣಿಚೀಲ ತುರುಕಿಸಿದೆ. ನೀಲಪ್ಪ ಹ್ಯಾಂಡಲ್ ಹೊಡೆದ. ನಾಲ್ಕರಲ್ಲಿಯೂ ಕಿಡಿಯಿಲ್ಲ. ಸ್ವಿಚ್ಚಿನ ವೈರು ಬಿಚ್ಚಿದ ಮೇಲೂ ಇಲ್ಲ. ಪಾಯಿಂಟುಗಳನ್ನು ನಾನೇ ಒರೆಸಿದೆ. ಕೊನೆಗೆ ಸಿಟ್ಟಿನಿಂದ ಪ್ಲಗ್ಗಿನ ವೈರಿನ ತುದಿಯನ್ನು ಬೆರಳಿನಲ್ಲಿ ಹಿಡಿದುಕೊಂಡು "ಹೊಡಿ" ಎಂದೆ. ನೀಲಪ್ಪ ಹೆದರಿ, "ಬ್ಯಾಡ್ರಿ ಅವ್ವಾರ, ಒದೀತೈತ್ರಿ" ಎಂದ. ಒದೆಯಲಿ ಎಂದೇ ಹಿಡಿದಿದ್ದೆ. ಇರುವೆ ಕಡಿದಷ್ಟೂ ಆಗಲಿಲ್ಲ.

ಇವರು ಇಷ್ಟೂ ಹೊತ್ತು ಹಿಂದಿನ ಸೀಟಿನಲ್ಲೇ ಕುಳಿತಿದ್ದರು. ಬಾಗಿಲು ತೆಗೆಸಿದಾಗ, "ಮಾಗಡಿ ಕೆರಿಗೆ ಬಾತು ಬಂದಿರ್ತಾವ. ಹೊತ್ತ ಏರೂದ್ರಾಗ ಹೋಗೂಣು" ಎಂದರು. ಮದುವೆಯಾದ ವರ್ಷ ನನ್ನನ್ನು ಆ ಗಾಡಿಯಲ್ಲಿ ಅಲ್ಲಿಗೆ ಕರೆದೊಯ್ದಿದ್ದರು. ಮರುದಿನ ಮಗ ಕಳಕೇಶ ತನ್ನ ಕಾರಿನಲ್ಲಿ ಮಾಗಡಿಗೇ ಒಯ್ದ. ಕೆರೆಯ ದಂಡೆಯಲ್ಲಿ ನಿಲ್ಲಿಸಿದರೆ ಇಳಿಯಲಿಲ್ಲ, ಹೊರಗೆ ನೋಡಲೂ ಇಲ್ಲ. "ಇದು ಯಾರ ಗಾಡಿ? ಮನಿಗೆ ಬಿಡು" ಎಂದರಂತೆ.

ಮೈಯಲ್ಲಿ ಏನೂ ಉಳಿದಿಲ್ಲ. ಹೆಗಲು ಹಿಡಿದು ಎಬ್ಬಿಸಿದರೆ ಅಂಗಿಯಷ್ಟೇ ಕೈಗೆ ಬರುತ್ತದೆ. ಮುಂದೆ ಏನು ಮಾಡಬೇಕು ಬೇಗ ಬರೆ.

ಬಸವಣ್ಣೆವ್ವ


ಬೆಟಗೇರಿ
30 ನವೆಂಬರ್ 2024

ಅವ್ವಾರ,

ವೈರ್ ಕೈಯಾಗ ಹಿಡಿಯೂದು ನಾ ಹೇಳಿದ್ದಿಲ್ಲ. ಗಾಡಿ ಚಲೋ ಇದ್ದಾಗ ಹಿಂಗ ಹಿಡದಿದ್ರ ಮೊಣಕೈ ತನಕ ಝುಂ ಅಂತಿತ್ತು. ನನಗ ಎಷ್ಟು ಸಲ ಬಡದೈತಿ ಅಂದ್ರ, ನನ್ನ ಹೆಂಡತಿ ಬದುಕಿದ್ದಾಗ "ನಿಮ್ಮನ್ನ ದೀಪಕ್ಕ ಹಚ್ಚಿದ್ರ ಉರೀತೀರಿ" ಅಂತಿದ್ಲು.

ಈಗ ಮ್ಯಾಗ್ನೆಟೋ ಎಂಜಿನ್‌ನಿಂದ ಇಳಸ್ರಿ. ಮಡಿಲಾಗ ಇಟ್ಟುಕೊಂಡು ಅದರ ದಿಂಡು ಕೈಲೆ ಸಾವಕಾಶ ತಿರುವ್ರಿ. ಜೀವ ಇದ್ರ ಒಂದು ಸುತ್ತಿನ್ಯಾಗ ಎರಡು ಕಡೆ ಕೈ ತಡೀತೈತಿ. ಒಳಗ ಯಾರೋ ಹಿಡದಾಂಗ ಜಗ್ಗಿ, ಟಕ್ ಅಂತ ಬಿಡತೈತಿ. ಅದು ಅಯಸ್ಕಾಂತದ ಜಗ್ಗು. ತಡೀತೇನು, ಇಲ್ಲೇನು, ಬರೀರಿ.

ಮೊದಲ ಯಾರು ಬಿಚ್ಚಿದ್ರು ಅಂತ ಕೇಳಿದ್ದೆ. ಅದಕ್ಕ ನೀವು ಏನೂ ಬರದಿಲ್ಲ.

ನಜೀರಸಾಬ


ಲಕ್ಷ್ಮೇಶ್ವರ
6 ಡಿಸೆಂಬರ್ 2024

ನಜೀರಸಾಬನಿಗೆ,

ಪಡಸಾಲೆಯಲ್ಲಿ ಕುಳಿತು ಮಡಿಲಲ್ಲಿ ಇಟ್ಟುಕೊಂಡು ತಿರುಗಿಸಿದೆ. ಕಾಳು ಹಾಕದ ಬೀಸುಕಲ್ಲು ತಿರುಗಿದ ಹಾಗೆ ತಿರುಗುತ್ತದೆ. ಎಲ್ಲಿಯೂ ತಡೆಯುವುದಿಲ್ಲ. ಹತ್ತು ಸಲ ತಿರುಗಿಸಿದೆ. ಸೊಸೆ ಅನ್ನಪೂರ್ಣ, "ಅತ್ತಿ, ಕೈಗೆಲ್ಲ ಗ್ರೀಸ್ ಆಗೇತ್ರಿ, ನಾ ಮಾಡ್ತೀನಿ ಕೊಡ್ರಿ" ಎಂದಳು. ಕೊಡಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಬರೆಯದೆ ಬಿಟ್ಟದ್ದು ಮರೆತು ಅಲ್ಲ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ ಎಂದು. ಆ ವರ್ಷ ಮಹಾನವಮಿಗೆ ನೀನು ಊರಲ್ಲಿ ಇರಲಿಲ್ಲ. ಪ್ರತಿ ವರ್ಷ ಗಾಡಿಗೆ ಹೊರಗಿನಿಂದ ಪೂಜೆ ಆಗುತ್ತಿತ್ತು. ಅಂಗಡಿಯ ತಕ್ಕಡಿ, ಅಡುಗೆಮನೆಯ ಈಳಿಗೆ, ಹೊಲದ ಕುಡುಗೋಲು ಎಲ್ಲವೂ ಜಗಲಿಯ ಮೇಲೆ ದೇವರ ಮುಂದೆ ಕೂಡುವಾಗ ಗಾಡಿಯದೂ ಏನಾದರೂ ಒಂದು ಕೂಡಬೇಕು ಎಂದು ನನ್ನ ಮನಸ್ಸಿಗೆ ಬಂತು. ಗಾಡಿಯ ಜೀವ ಮ್ಯಾಗ್ನೆಟೋದಲ್ಲಿದೆ ಎಂದು ನೀನೇ ಹೇಳುತ್ತಿದ್ದೆ. ನೀಲಪ್ಪನಿಂದ ಬಿಚ್ಚಿಸಿ, ಕುದುರೆಯ ಲಾಳದಂತಿರುವ ಆ ಎರಡು ಅಯಸ್ಕಾಂತಗಳನ್ನು ತೆಗೆಸಿದೆ. ತುಕ್ಕು ಹಿಡಿದಿದ್ದವು. ಇಟ್ಟಂಗಿ ಪುಡಿ ಹಾಕಿ ಕನ್ನಡಿಯಂತೆ ತಿಕ್ಕಿದೆ. ಕಾಲು ಊರಿ ನಿಲ್ಲಿಸಿ, ವಿಭೂತಿ ಹಚ್ಚಿ, ಒಂಬತ್ತು ದಿನ ಪೂಜೆ ಮಾಡಿದೆ. ವಿಜಯದಶಮಿಗೆ ನೀಲಪ್ಪ ಮತ್ತೆ ಕೂಡಿಸಿದ. ಇಷ್ಟೇ. ದೇವರ ಮುಂದೆ ಇಟ್ಟದ್ದು ಕೆಡುತ್ತದೆ ಎಂದು ಯಾರೂ ಹೇಳಲಾರರು.

ಅದಾದ ಮೇಲೆ ಗಾಡಿ ಚಾಲೂ ಆಗಲಿಲ್ಲ, ಅಂಗಡಿಯ ಮುಂದೆ ದೂಡಿ ತಂದು ನಿನ್ನನ್ನು ಕರೆಸಿದೆವು. ಅದಕ್ಕೂ ಎರಡು ತಿಂಗಳ ಮೊದಲು, ಶ್ರಾವಣದಲ್ಲಿ, ಅವನ್ನು ಚಾರ್ಜ್ ಮಾಡುವುದಕ್ಕೆಂದು ಬೆಟಗೇರಿಗೆ ಒಯ್ದವನು ನೀನು. ಹಾಗಿರುವಾಗ ಬೇರೆ ಯಾರನ್ನು ಕೇಳಬೇಕಿತ್ತು?

ಬಸವಣ್ಣೆವ್ವ


ಬೆಟಗೇರಿ
11 ಡಿಸೆಂಬರ್ 2024

ಅವ್ವಾರ,

ಶ್ರಾವಣದಾಗ ಚಾರ್ಜ್ ಮಾಡಿ ತಂದು ಕೂಡಿಸಿದ ಮ್ಯಾಲೆ ಗಾಡಿ ಎರಡು ತಿಂಗಳು ಓಡೇತಿ. ಮುಂಡರಗಿಗೆ ಹೋಗಿ ಬಂದೀರಿ, ಶಿರಹಟ್ಟಿಗೆ ಹೋಗಿ ಬಂದೀರಿ. ಇದನ್ನ ನೆನಪ ಮಾಡಿಕೊಳ್ರಿ ಅಂತೀನಿ, ಬ್ಯಾರೆ ಏನೂ ಅನ್ನೂದಿಲ್ಲ.

ಮ್ಯಾಗ್ನೆಟೋದ ಮ್ಯಾಲಿನ ಪಟ್ಟಿ ಸಡಲ ಮಾಡಿ ಎರಡೂ ಅಯಸ್ಕಾಂತ ಹೊರಗ ತಗೀರಿ. ಕೂಡಿದ್ದಾಗ ಯಾ ಕಾಲಿಗೆ ಯಾ ಕಾಲು ಇತ್ತು ಅಂತ ಸುಣ್ಣದ್ಲೆ ಗುರ್ತ ಮಾಡಿಕೊಂಡ ತಗೀರಿ. ಒಂದರ ಮಗ್ಗಲಿಗೆ ಒಂದು ಅದ ಗುರ್ತಿನ ಪ್ರಕಾರ ಹಿಡೀರಿ. ಒಂದನ್ನೊಂದು ದೂಡಿದ್ರ ಸರಿ ಕೂಡ್ಯಾವು. ಅಪ್ಪಿಕೊಂಡ್ರ ತಿರುವ ಮುರುವ ಕೂಡ್ಯಾವು. ಆವಾಗ ಇದರ ಜಗ್ಗು ಅದು ನುಂಗತೈತಿ, ಅದರದು ಇದು ನುಂಗತೈತಿ, ಕಿಡಿಗೆ ಏನೂ ಉಳಿಯೂದಿಲ್ಲ.

ತಪ್ಪಬಾರದು ಅಂತ ನಾ ಒಂದ ಕಡಿ ಕಾಲುಗೋಳಿಗೆ ಬಣ್ಣದ್ಲೆ ಸಣ್ಣ ಚುಕ್ಕಿ ಇಟ್ಟಿದ್ದೆ. ಅವು ಅದಾವೇನು ನೋಡ್ರಿ. ಮತ್ತ, ಹೊರಗ ತಗದು ಇಡೂ ಮುಂದ ಎರಡೂ ಕಾಲಿಗೆ ಅಡ್ಡ ಒಂದು ಕಬ್ಬಿಣದ ಪಟ್ಟಿ ಇಡಬೇಕಾಗತೈತಿ. ಇಲ್ಲಂದ್ರ ದಿನಾ ಒಂದಿಷ್ಟು ಕಸುವು ಸೋರಿ ಹೋಗತೈತಿ. ಬರೇ ಕಾಲ ಮ್ಯಾಲೆ ಒಂಬತ್ತು ದಿನ ನಿಲ್ಲಸೂದು ಅಂದ್ರ…

ಅಜ್ಜ ಇಲ್ಲಿಗೇ ನಿಲ್ಲಿಸಿ ಹೊರಗೆ ಹೋದರು. ಅವರ ಸಹಿ ನಾನೇ ಹಾಕಿದ್ದೇನೆ. ಮಾಸುಮಬಿ

ನಜೀರಸಾಬ


ಲಕ್ಷ್ಮೇಶ್ವರ
17 ಡಿಸೆಂಬರ್ 2024

ನಜೀರಸಾಬರಿಗೆ,

ಅಪ್ಪಿಕೊಂಡವು.

ಸುಣ್ಣದ ಗುರುತು ಮಾಡಿ ತೆಗೆದು, ಅದೇ ಪ್ರಕಾರ ಅಕ್ಕಪಕ್ಕ ಹಿಡಿದೆ. ಒಂದಕ್ಕೊಂದು ಅಂಟಿಕೊಂಡವು, ಬಿಡಿಸುವಾಗ ಉಗುರು ಮುರಿಯಿತು. ನಿಮ್ಮ ಚುಕ್ಕೆ ಎಲ್ಲಿಯೂ ಇಲ್ಲ. ಇಟ್ಟಂಗಿ ಪುಡಿಯಿಂದ ತಿಕ್ಕಿದವಳು ನಾನು. ನೀಲಪ್ಪನಿಗೆ ಯಾವುದು ಎತ್ತ ಎಂದು ತಿಳಿಯುವ ದಾರಿಯನ್ನೇ ನಾನು ಉಳಿಸಿರಲಿಲ್ಲ.

ಆ ರಾತ್ರಿ ನೀವು ಹೇಳಿದಂತೆ ಎರಡರ ಕಾಲಿಗೂ ಅಡ್ಡ ಕಬ್ಬಿಣದ ಪಟ್ಟಿ ಇಟ್ಟು ಮಲಗಿದೆ.

ಮರುದಿನ ಒಂದನ್ನು ತಿರುಗಿಸಿ ಕೂಡಿಸಿದೆ. ದಿಂಡು ತಿರುಗಿಸಿದರೆ ಕೈಗೆ ಸಣ್ಣಗೆ ತಡೆಯಿತು, ನಿದ್ದೆಯಲ್ಲಿದ್ದ ಕೂಸು ಬೆರಳು ಹಿಡಿದಷ್ಟು. ಇಳಿಸುವಾಗ ಮಾಡಿಕೊಂಡಿದ್ದ ಗುರುತಿಗೇ ಮ್ಯಾಗ್ನೆಟೋ ಎಂಜಿನ್ನಿಗೆ ಕೂಡಿಸಿದೆವು. ಪ್ಲಗ್ಗಿನಲ್ಲಿ ಹಳದಿ ಕಿಡಿ, ಕಂಡೂ ಕಾಣದಂತೆ. ನೀಲಪ್ಪ ಹೊಡೆದೇ ಹೊಡೆದ. ಅಂಗಿ ತೊಯ್ದು ಹೋಯಿತು. ಕೊನೆಗೆ ಒಮ್ಮೆ, ಒಂದೇ ಒಂದು ಸಲ, ಎಂಜಿನ್ ಢಬ್ ಎಂದಿತು. ಕೋಣೆಯ ತುಂಬ ಹೊಗೆ.

ಇವರು ತಲೆ ಎತ್ತಿದರು. ಎಷ್ಟೋ ತಿಂಗಳ ಮೇಲೆ ನನ್ನ ಮುಖ ನೋಡಿದರು. "ನಜೀರ ಬಂದ್ನಲ್ಲ" ಎಂದರು. ಅನ್ನಪೂರ್ಣ ಓಡಿಹೋಗಿ ನುಚ್ಚು ಮಜ್ಜಿಗೆ ತಂದಳು. ಅರ್ಧ ಬಟ್ಟಲು ಉಂಡರು. ನಾನೇ ಉಣಿಸಿದೆ.

ಮೊದಲ ಪತ್ರದಲ್ಲಿ ಒಂದು ಮಾತು ಬಿಟ್ಟಿದ್ದೆ. ಸೀಟಿನಲ್ಲಿ ಕುಳಿತು ಇವರು ದಿನವೂ ಕೇಳುವುದು ಎರಡು. ಚಾಲೂ ಆತೇನು ಎಂಬುದು ಒಂದು. ನಜೀರ ಬಂದ್ನೇನು ಎಂಬುದು ಇನ್ನೊಂದು.

ಆಮೇಲೆ ಗಾಡಿ ಒಮ್ಮೆಯೂ ಸದ್ದು ಮಾಡಿಲ್ಲ. ಇವರು ಮತ್ತೆ ಹಗಲು ಊಟಕ್ಕೆ ಬಾಯಿ ಬಿಟ್ಟಿಲ್ಲ. ನೀವು ಬಂದುಬಿಡಿ. ಮುಟ್ಟಬಾರದು ಎಂದವಳು ನಾನೇ. ಮುಟ್ಟಿ ಎಂದು ಈಗ ಬರೆಯುತ್ತಿರುವವಳೂ ನಾನೇ.

ಬಸವಣ್ಣೆವ್ವ


ಬೆಟಗೇರಿ
23 ಡಿಸೆಂಬರ್ 2024

ಅವ್ವಾರ,

ನಿಮ್ಮ ಪತ್ರ ಮಾಸುಮಬಿ ಮೂರು ಸಲ ಓದಿದ್ಲು. ಈಗ ನನ್ನ ಹೊಟ್ಟಿಯಾಗಿಂದು ಹೇಳತೀನಿ.

ಅವತ್ತು ಪಟ್ಟಿ ಸಡಲ ಮಾಡಿದ ಕೂಡ್ಲೆ ತಿರುವ ಮುರುವ ಕೂಡ್ಯಾವು ಅಂತ ನನಗ ತಿಳೀತು. ಹೇಳಾಕ ಬಾಯಿ ತಗಿಯೂದ್ರಾಗ ನೀವು ಕಟ್ಟಿ ಇಳದು ಬಂದು ಕಳ್ಳ ಅಂದ್ರಿ. ಪೇಟಿ ಎಲ್ಲಾ ನಿಂತು ಕೇಳಿತು. ಆ ಹೊತ್ತಿನ್ಯಾಗ ನಾ ಏನ ಹೇಳಿದ್ರೂ ಕಳ್ಳನ ಮಾತ ಆಗತಿತ್ತು. ಸುಮ್ಮನ ಬಂದೆ. ವಾರದ ಮ್ಯಾಲೆ ಸಾವ್ಕಾರ್ರು ನಮ್ಮ ಮನಿಗೆ ಬಂದ್ರು. ಎಲ್ಲಾ ತೋರಿಸಿ ಹೇಳಿದೆ. ನೀವು ಹಬ್ಬಕ್ಕ ಬಿಚ್ಚಿಸಿದ್ದು ಅವರಿಗೆ ನೆನಪಾತು. ಆಮ್ಯಾಲೆ ನನ್ನ ಎರಡೂ ಕೈ ಹಿಡಕೊಂಡು, "ನಜೀರಾ, ಇದನ್ನ ಆಕಿಗೆ ಹೇಳಬ್ಯಾಡೋ. ಆಕಿ ಮುರೀತಾಳ, ಬಗ್ಗೂದಿಲ್ಲ. ಗಾಡಿ ಸತ್ತರ ಸಾಯ್ಲಿ" ಅಂದ್ರು. ಆ ಗಾಡಿ ಅಂದ್ರ ಅವರಿಗೆ ಏನಿತ್ತು ಅನ್ನೂದು ನಿಮಗೂ ಗೊತ್ತು, ನನಗೂ ಗೊತ್ತು. ತಿರುವಿ, ಕಸುವು ತುಂಬಿ ಕೂಡಸಾಕ ಒಂದು ದಿನದ ಕೆಲಸ. ಹನ್ನೊಂದು ವರ್ಷ ಅವರು ಅದನ್ನ ಮಾಡಸ್ಲಿಲ್ಲ. ಮಾಡಿಸಿದ್ರ ಹೆಂಗ ಆತು ಅಂತ ನೀವು ಕೇಳತಿದ್ರಿ.

ಈಗ ಅಯಸ್ಕಾಂತಕ್ಕ ಕಸುವು ತುಂಬಬೇಕು. ಅದಕ್ಕ ಬೇಕಾದ ತಂತಿ ಸುತ್ತಿದ ಕಾಯಿಲ್ ನನ್ನ ಹಂತ್ಯಾಕ ಐತಿ, ಅರ್ಧ ದಿನದ ಕೆಲಸ. ಆದ್ರ ನಾ ಮುಟ್ಟೂದಿಲ್ಲರಿ. ಸಿಟ್ಟಿಗೆ ಅಲ್ಲ. ನನ್ನ ಕೈ ಹತ್ತಿದ ಮ್ಯಾಲೆ ಗಾಡಿ ಚಾಲೂ ಆತು ಅಂದ್ರ ಪೇಟಿ ಮಂದಿ ಏನಂತಾರ? ಕದ್ದಿದ್ದ ಅಯಸ್ಕಾಂತ ಮುದುಕ ತಂದು ಕೊಟ್ಟ ಅಂತಾರ. ಮುಂಡರಗಿಯವರು, ಶಿರಹಟ್ಟಿಯವರು ನಿಮ್ಮ ಮಾತು ಕೇಳಿ ಹಳೀ ಗಾಡಿ ನನ್ನ ಕಡೆ ತರೂದು ಬಿಟ್ರು. ನನ್ನ ಬಾಳೆ ಹೆಂಗೂ ಆತು. ಈಗ ಮಾಸುಮಬಿ ಮದಿವಿ ಮಾತು ಲಕ್ಷ್ಮೇಶ್ವರದಾಗ ನಡದೈತಿ. ಆ ಮಂದಿ ಬಂದು ಕೇಳಿದ್ದ ಮೊದಲನೇ ಮಾತು ಇದ.

ಎಲ್ಲಿ ಹೇಳಿದ್ರಿ ಅಲ್ಲೇ ನಿಂತು ನಾ ಕಳ್ಳ ಅಲ್ಲ ಅಂತ ಅನ್ರಿ. ಆ ತಾಸಿಗೆ ನಾ ಕಾಯಿಲ್ ಹೊತ್ತುಕೊಂಡು ಬಸ್ ಹತ್ತತೀನಿ.

ನಜೀರಸಾಬ


ಲಕ್ಷ್ಮೇಶ್ವರ
2 ಜನವರಿ 2025

ನಜೀರಸಾಬರಿಗೆ,

ಮ್ಯಾಗ್ನೆಟೋವನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಕಳಕೇಶನ ಕೈಯಲ್ಲಿ ಕಳಿಸಿದ್ದೇನೆ. ಇದರ ಜೊತೆಯ ಹಾಳೆಯಲ್ಲಿ ನನ್ನ ತಪ್ಪನ್ನು ಪೂರ್ತಿ ಬರೆದು ಸಹಿ ಹಾಕಿದ್ದೇನೆ. ಬೀಗರಿಗೆ ತೋರಿಸಿ. ಯಾರಿಗೆ ಬೇಕಾದರೂ ತೋರಿಸಿ.

ಪೇಟೆಯಲ್ಲಿ ನಿಂತು ಹೇಳುವುದು ನನ್ನಿಂದ ಆಗದು. ಆ ಕಟ್ಟೆಯ ಮೇಲೆ ನಾಳೆ ನನ್ನ ಮಕ್ಕಳು ಕೂಡಬೇಕು. ಎರಡು ಸಲ ಅಂಗಡಿಯವರೆಗೆ ಹೋಗಿ ಬಂದೆ. ಒಮ್ಮೆ ಬಾಯಿ ತೆರೆದೂ ಇದ್ದೆ. ಹಮಾಲರು ಬದಿಗೆ ಸರಿದು, ಏನಪ್ಪಣೆ ಎಂಬಂತೆ ನೋಡಿದರು. ಶೇಂಗಾದ ಚೀಲ ಎಷ್ಟು ಬಂದವು ಎಂದು ಕೇಳಿ ತಿರುಗಿ ಬಂದೆ.

ಬರಹ ಸಾಲದೇ? ನಾನು ಯಾರಿಗೂ ಹೀಗೆ ಬರೆದುಕೊಟ್ಟವಳಲ್ಲ. ಈಗ ಇವರನ್ನು ಇಬ್ಬರು ಎತ್ತಿ ಗಾಡಿಯಲ್ಲಿ ಕೂಡಿಸಬೇಕು. ನೀರು ಕೂಡ ಬಟ್ಟೆಯಲ್ಲಿ ಹಿಂಡಿ ಹಾಕುತ್ತಿದ್ದೇವೆ. ದಯವಿಟ್ಟು ಕಳಕೇಶನನ್ನು ಬರಿಗೈಯಲ್ಲಿ ಕಳಿಸಬೇಡಿ.

ಬಸವಣ್ಣೆವ್ವ


ಬೆಟಗೇರಿ
3 ಜನವರಿ 2025

ಅವ್ವಾರ,

ಹಾಳಿ ಇಟ್ಟುಕೊಂಡೀನಿ. ಮ್ಯಾಗ್ನೆಟೋ ತಿರುಗಿ ಕಳಸತೀನಿ. ನೀವು ಸುತ್ತಿದ ಬಟ್ಟಿ ಬಿಚ್ಚಿಲ್ಲ, ನಿಮ್ಮ ಮಗ ನೋಡ್ಯಾನ, ಕೇಳ್ರಿ.

ಕಿವಿಲೆ ಕೇಳಿದ ಮಂದಿ ಹಾಳಿ ಓದಾಕ ನಮ್ಮ ಮನಿತನಕ ಬರೂದಿಲ್ಲರಿ. ಅವರು ಕಿವಿಲೇ ಕೇಳಬೇಕು. ಭಾಳ ದಿನ ತಗೋಬ್ಯಾಡ್ರಿ. ಕಾಯಿಲ್ ಒರಸಿ ಬಾಗಲ ಹಂತ್ಯಾಕ ಇಟ್ಟೀನಿ.

ನಜೀರಸಾಬ


ಲಕ್ಷ್ಮೇಶ್ವರ
27 ಜನವರಿ 2025

ನಜೀರಸಾಬರಿಗೆ,

ಹತ್ತೊಂಬತ್ತನೆಯ ತಾರೀಖು ಹೊಲದಲ್ಲಿ ಇವರನ್ನು ಮಣ್ಣು ಮಾಡುವಾಗ ನೀವು ಎಲ್ಲರ ಹಿಂದೆ ನಿಂತದ್ದನ್ನು ನೋಡಿದೆ. ಜನ ಕರಗಿದ ಮೇಲೆ ಮುಂದೆ ಬಂದು ಒಂದು ಹಿಡಿ ಮಣ್ಣು ಹಾಕಿ, ಮನೆಯ ಕಡೆ ಬರದೆ ಬಸ್ಸಿನ ದಾರಿ ಹಿಡಿದಿರಿ. ಕರೆಯಬೇಕೆಂದು ಎದ್ದೆ. ಕರೆಯುವ ಬಾಯಿ ಇರಲಿಲ್ಲ.

ನಿಮ್ಮ ಕೊನೆಯ ಪತ್ರಕ್ಕೂ ಇವರ ಕೊನೆಯ ದಿನಕ್ಕೂ ನಡುವೆ ಹದಿನೈದು ದಿನವಿದ್ದವು. ಅದರಲ್ಲಿ ಎರಡು ಸಂತೆಗಳಾದವು. ಎರಡನ್ನೂ ನಾನು ಮನೆಯೊಳಗೆ ಕುಳಿತು ಕಳೆದೆ. ಹದಿನೆಂಟರ ಬೆಳಿಗ್ಗೆ ಎಂದಿನಂತೆ ಗಾಡಿಯಲ್ಲಿ ಕೂಡಿಸಿದ್ದೆವು. ಆ ದಿನ ಏನನ್ನೂ ಕೇಳಲಿಲ್ಲ. ಅರ್ಧ ತಾಸಿನ ಮೇಲೆ ನೇತ್ರಾ ಹೋಗಿ ಮುಟ್ಟಿ, ಕೂಗಿದಳು. ಡಾಕ್ಟರರು ವಯಸ್ಸು ಎಂದರು. ಸಾಂತ್ವನ ಹೇಳಲು ಬಂದವರೂ ವಯಸ್ಸು ಎಂದರು. ನಾನು ಹೂಂ ಎನ್ನಲಿಲ್ಲ.

ಐದನೆಯ ದಿನ ಸಂತೆ ಇತ್ತು. ಮಣ್ಣು ಮುಗಿದ ಮೇಲೆ ಹನ್ನೊಂದು ದಿನ ತುಂಬುವವರೆಗೆ ನಮ್ಮ ಮನೆಯಲ್ಲಿ ಗಂಡ ಸತ್ತವಳು ಹೊಸ್ತಿಲು ದಾಟುವುದಿಲ್ಲ. ಹಾಗೆ ದಾಟಿದ ಒಬ್ಬಳನ್ನು, ನನ್ನ ನೆಗೆಣ್ಣಿಯನ್ನು, ಮೈದುನನ ಹೆಂಡತಿಯನ್ನು, ಹಿಂದೆ ನಾನೇ ನಾಲ್ಕು ಜನರ ಮುಂದೆ ಬೈದಿದ್ದೇನೆ. ಬಿಳಿ ಸೀರೆಯಲ್ಲೇ ಹೊರಟೆ. ಕಳಕೇಶ ಅಡ್ಡ ನಿಂತು, "ಯವ್ವಾ, ಅಪ್ಪನ ಹೋದ ಮ್ಯಾಲೆ ಇನ್ನ್ಯಾಕಬೇ? ಗಾಡಿ ಯಾರು ಹತ್ತಬೇಕು? ಮನಿ ಮರ್ಯಾದಿ ಸಂತ್ಯಾಗ ಹಾಕ್ತೀಯೇನು?" ಎಂದ.

"ನಿಮ್ಮಪ್ಪ ಇದ್ದಾಗ ಹೇಳಿದ್ರ ಗಾಡಿ ಚಾಲೂ ಮಾಡೂ ಗರಜಿಗೆ ಹೇಳಿದಾಂಗ ಆಗತಿತ್ತು. ಸರಿ ಆಚೆ" ಎಂದೆ.

ನಮ್ಮ ಅಂಗಡಿಯ ಮುಂದೆ, ಆ ದಿನ ನೀವು ನಿಂತಲ್ಲಿ ನಿಂತೆ. ಕಟ್ಟೆ ಹತ್ತಲಿಲ್ಲ. ಹಮಾಲರು ಸರಿಯತೊಡಗಿದಾಗ, "ಸರೀಬ್ಯಾಡ್ರಿ, ಹತ್ರ ಬರ್ರಿ" ಎಂದೆ. ಅಂಗಡಿಗಳಿಂದ ಜನ ಇಳಿದು ಬಂದರು. ನಾನು ಆಡಿದ್ದು ಇಷ್ಟು: "ಹನ್ನೊಂದು ವರ್ಷದ ಹಿಂದ ಇಲ್ಲೇ ನಿಂತು ಬೆಟಗೇರಿ ನಜೀರಸಾಬಗ ಕಳ್ಳ ಅಂದಿದ್ದೆ. ಅಂವಾ ಕಳ್ಳ ಅಲ್ಲ. ನಮ್ಮ ಗಾಡಿ ಅಯಸ್ಕಾಂತ ಹಬ್ಬಕ್ಕಂತ ಬಿಚ್ಚಿಸಿದಾಕಿ ನಾನು, ತಿಕ್ಕಿ ಗುರ್ತ ಅಳಿಸಿದಾಕಿ ನಾನು, ತಿರುವ ಮುರುವ ಕೂಡಸಾಕ ಕಾರಣ ಆದಾಕಿ ನಾನು. ನಮ್ಮ ಮನಿಯವರಿಗೆ ಇದು ಗೊತ್ತಿತ್ತು, ನನ್ನ ಸಲುವಾಗಿ ಬಾಯಿ ಮುಚ್ಚಿಕೊಂಡ್ರು. ಕೇಳಿದವರು, ಕೇಳದಿದ್ದವರಿಗೆ ಹೇಳ್ರಿ."

ಒಬ್ಬ ವಯಸ್ಸಾದ ಹಮಾಲ, "ಹೋಗ್ಲಿ ಬಿಡ್ರಿ ಅವ್ವಾರ, ಹಳೀ ಮಾತು" ಎಂದ. "ನಿನಗ ಕಳ್ಳ ಅಂದಿದ್ರ ಹಳೀದಾಗತಿತ್ತೇನು?" ಎಂದೆ. ಕೆಳಗಿನ ಸಾಲಿನವರಿಗೆ ಕೇಳಿಸಲಿಲ್ಲ ಎಂದು ಯಾರೋ ಅಂದರು. ಅಲ್ಲಿಗೂ ಹೋಗಿ ಹೇಳಿದೆ. ಅಲ್ಲಿ ನಿಮ್ಮ ಬೀಗರಾಗುವವರ ಬಟ್ಟೆ ಅಂಗಡಿ ಇದೆ ಎಂದು ತಿಳಿದು ಅದರ ಮೆಟ್ಟಿಲ ಮುಂದೆಯೂ ಹೇಳಿದೆ. ಮುಂಡರಗಿಗೂ ಶಿರಹಟ್ಟಿಗೂ ಕಳಕೇಶನನ್ನು ಕರೆದುಕೊಂಡು ಮರುದಿನ ನಾನೇ ಹೋಗಿ, ನಿಮ್ಮ ಕಡೆ ಹಳೆಯ ಗಾಡಿ ತರುತ್ತಿದ್ದವರ ಪಡಸಾಲೆಯಲ್ಲಿ, ಅವರ ಹೆಂಗಸರು ಮಕ್ಕಳು ಕೇಳುವಂತೆ ಹೇಳಿ ಬಂದೆ.

ನಿಮ್ಮನ್ನು ಕರೆಯುವುದಕ್ಕೆ ಇದನ್ನು ಬರೆದಿಲ್ಲ. ಕ್ಷಮೆ ಕೇಳುವುದಕ್ಕೂ ಅಲ್ಲ. ಅದು ಕೊಡುವವರ ಮಾತು, ನಾನು ಕೇಳಿ ಪಡೆಯುವಂಥದ್ದಲ್ಲ. ಎಲ್ಲೆಲ್ಲಿ ಹೇಳಬೇಕಿತ್ತೋ ಅಲ್ಲೆಲ್ಲ ನನ್ನ ಬಾಯಿಂದಲೇ ಹೇಳಿಯಾಗಿದೆ ಎಂದು ನಿಮಗೆ ತಿಳಿಸಬೇಕಿತ್ತು.

ಬಸವಣ್ಣೆವ್ವ